ಹಸಿ ಸಿಪ್ಪೆ ಹಾಕಿ ಕರೆಂಟ್ ಕೇಳಬೇಡಿ

ಅಡಿಕೆ ಸುಲಿತ ಶುರುವಾದರೆ ಸಾಕು, ನನಗೆ ಬರುವುದು ಒಂದೇ ಪ್ರಶ್ನೆ. ಈ ಸಲ ತೀರ್ಥಹಳ್ಳಿ, ಹೊಸನಗರ, ಕೊಪ್ಪ ಮೂರೂ ಕಡೆಯಿಂದ ಬಂದಿದೆ.

ಪ್ರಶ್ನೆ: ಸಿಪ್ಪೆ ರಾಶಿ ಬಿದ್ದಿದೆ. ಗ್ಯಾಸಿಫೈಯರ್ ಹಾಕಿ ಮನೆಗೆ ಕರೆಂಟ್ ಮಾಡಿಕೊಳ್ಳಬಹುದಾ ಸರ್?

ಗ್ಯಾಸಿಫೈಯರ್ ಅಂದರೆ ಸೌದೆ, ಸಿಪ್ಪೆಯಂಥದ್ದನ್ನು ಕಮ್ಮಿ ಗಾಳಿಯಲ್ಲಿ ಅರೆಬರೆ ಉರಿಸಿ ಗ್ಯಾಸ್ ಮಾಡುವ ಯಂತ್ರ; ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕರೆಂಟ್ ಮಾಡುತ್ತಾರೆ. ಆದರೆ ಯಾವ ಸಿಪ್ಪೆ? ಒಣಗಿಸಿ ಸುಲಿಯುವ ಚಾಲಿಯದೋ, ಹಸಿ ಅಡಿಕೆಯದೋ? ಇದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಹಸಿ ಸಿಪ್ಪೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಕಿಲೋ ಕ್ಯಾಲೊರಿ ಶಾಖ ಬೇಕು. ಗ್ಯಾಸಿಫೈಯರ್‌ಗೆ ಹಾಕುವುದರಲ್ಲಿ ತೇವ ನೂರಕ್ಕೆ 20ರ ಒಳಗಿರಬೇಕು. ಇಲ್ಲದಿದ್ದರೆ ಒಳಗಿನ ಕಾವು ಇಳಿದು, ಡಾಂಬರಿನಂಥ ಟಾರ್ ಎಂಜಿನ್ನಿನ ವಾಲ್ವಿಗೆ ಮೆತ್ತಿಕೊಳ್ಳುತ್ತದೆ.

ಒಣಗಿಸಿದರೂ ನಾರಿನ ತಕರಾರು ಇದ್ದೇ ಇದೆ. ಸಿಪ್ಪೆ ಒಂದಕ್ಕೊಂದು ಹೆಣೆದುಕೊಂಡು ಮೇಲೇ ನಿಲ್ಲುತ್ತದೆ, ಬೆಂಕಿಗೆ ಇಳಿಯುವುದೇ ಇಲ್ಲ. ಅದಕ್ಕೇ ಪುಡಿ ಮಾಡಿ, ಒತ್ತಿ, ಬ್ರಿಕೆಟ್ ಅನ್ನುವ ಗಟ್ಟಿ ತುಂಡು ಮಾಡುವುದು. ನಮ್ಮ ಮಳೆಗಾಲದಲ್ಲಿ ಬ್ರಿಕೆಟ್ ಕೂಡ ತೇವ ಎಳೆದು ಉದುರುತ್ತದೆ. ಈಗಿನ ಸಂಶೋಧನೆ ಇಂಥ ಕಡೆಯೇ ಕೈ ಹಾಕಿದೆ. ಗಾಳಿಯಾಡದಂತೆ 200ರಿಂದ 300 ಡಿಗ್ರಿ ಕಾವಿನಲ್ಲಿ ಕಾಫಿ ಬೀಜದ ಹಾಗೆ ಹುರಿಯುತ್ತಾರೆ. ಟಾರಿಫ್ಯಾಕ್ಷನ್ ಅಂತ ಹೆಸರು. ಹುರಿದ ಮೇಲೆ ನೀರು ಹೀರುವುದು ಕಮ್ಮಿ, ಪುಡಿ ಮಾಡುವುದೂ ಸುಲಭ. ಬಚ್ಚಲ ಒಲೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ ಮತ್ತೆ!

'ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಆಗಿತ್ತಲ್ಲ' ಅಂತ ಒಬ್ಬರು ವಾದಿಸಿದ್ದಾರೆ. ಹೌದು, ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ಅಲ್ಲಿ ದೀಪ ಉರಿಸಿದರು. ಉರಿಸಿದ್ದು ಸೌದೆಯ ತುಂಡು. ಅದಕ್ಕೆಂದೇ ಊರಲ್ಲಿ ಮರ ಬೆಳೆಸಿದ್ದರು. ಒಂದು ಯೂನಿಟ್ಟಿಗೆ ಒಂದು ಕಿಲೋಗಿಂತ ಜಾಸ್ತಿ ಒಣ ಸೌದೆ ಬೇಕು, ದಿನಾ ನೋಡಿಕೊಳ್ಳುವ ಆಳೂ ಬೇಕು.

ಒಂದು ಮನೆಗೆ ನಾನಂತೂ ಬೇಡ ಅನ್ನುತ್ತೇನೆ. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಜೀವ ತೆಗೆಯುತ್ತದೆ. ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ, ಅಡಿಕೆ ಬೇಯಿಸುವ ಒಲೆಗೆ ಹಾಕಿ. ರಸ್ತೆ ಬದಿ ಸುರಿದು ಬೆಂಕಿ ಇಡುವವರಿಗೆ ನನ್ನ ಹತ್ತಿರ ಉತ್ತರವಿಲ್ಲ, ಬೈಗುಳ ಇದೆ.

ಪ್ರಶ್ನೆ: ಹೊಂಗೆ ಎಣ್ಣೆಯನ್ನು ನೇರ ಡೀಸೆಲ್ ಪಂಪಿಗೆ ಹಾಕಬಹುದಾ?

ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಬಯೋಡೀಸೆಲ್ ಮಾಡದೆ ಹಾಕಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಗೋಬರ್ ಗ್ಯಾಸ್ ಕಮ್ಮಿ ಬರುತ್ತದೆ. ಸಂತೆಯಲ್ಲಿ ಒಂದು ಪುಡಿ ಮಾರುತ್ತಾರೆ, ಹಾಕಿದರೆ ಎರಡು ಪಟ್ಟಾಗುತ್ತದಂತೆ?

ಕಮ್ಮಿಯಾಗುವುದು ತಂಡಿಗೆ. ಗುಂಡಿಯೊಳಗಿನ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಹತ್ತಿರದ ಬೆಚ್ಚಗೆ ಬೇಕು. ಸಗಣಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಬಿಡಿ. ಪುಡಿಯಲ್ಲಿ ಏನಿದೆ ಅಂತ ಮಾರುವವನನ್ನೇ ಕೇಳಿ. ಉತ್ತರ ಕೊಟ್ಟರೆ ನನಗೂ ತಿಳಿಸಿ.