ಸರ್ಜನ್ ದಿನಾ ಬಂದು ನೋಡುತ್ತಾರೆ, ಆಪರೇಷನ್ ಯಾಕೆ ಮಾಡಲ್ಲ?

ನಿಮ್ಮ ಮಗನಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ವಾರ, ಹೊಟ್ಟೆ ಉಬ್ಬಿಕೊಂಡು ನೋವು, ಸ್ಕ್ಯಾನ್‌ನಲ್ಲಿ ಕರುಳಿಗೆ ಬಾವು ಅಂತ ಬಂದಿದೆ, ಆದರೂ ಸರ್ಜನ್ ಬರೀ ನೋಡಿಕೊಂಡು ಹೋಗುತ್ತಾರೆ, ಇದು ನಿರ್ಲಕ್ಷ್ಯ ಅಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ದಾವಣಗೆರೆಯವಳು. ಮಗಳಿಗೆ ಥಲಸ್ಸೇಮಿಯಾ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇತ್ತು, ಬೆಂಗಳೂರಿನಲ್ಲಿ ಟ್ರಾನ್ಸ್‌ಪ್ಲಾಂಟ್ ಮಾಡಿಸಿದೆವು, ಅವಳಿಗೂ ಇದೇ ಬಂದಿತ್ತು. ನಿರ್ಲಕ್ಷ್ಯ ಅಲ್ಲ, ಸರ್ಜನ್ ಬೇಕಂತಲೇ ಕಾಯುತ್ತಿದ್ದಾರೆ.

ಇದಕ್ಕೆ ಟಿಫ್ಲೈಟಿಸ್ ಅನ್ನುತ್ತಾರೆ. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ಕೊಡುವ ಕೀಮೋದಿಂದ ಕರುಳಿನ ಒಳಪದರ ಹಾಳಾಗಿರುತ್ತದೆ, ಬಿಳಿ ರಕ್ತಕಣ ನೆಲ ಕಚ್ಚಿರುತ್ತವೆ, ಹಾಗಾಗಿ ಕರುಳಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾ ಗೋಡೆಯೊಳಗೆ ನುಗ್ಗುತ್ತವೆ. ಈ ಹೊತ್ತಲ್ಲಿ ಕೊಯ್ದರೆ ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ರಕ್ತ ನಿಲ್ಲುವುದು ಕಷ್ಟ, ಗಾಯ ಮಾಯುವುದೂ ಕಷ್ಟ. ಅದಕ್ಕೇ ಬಾಯಿಗೆ ಏನೂ ಕೊಡದೆ, ಆಂಟಿಬಯೋಟಿಕ್ ಹಾಕಿ, ಬಿಳಿ ರಕ್ತಕಣದ ಕೌಂಟ್ ಏರುವವರೆಗೂ ನೋಡುತ್ತಾರೆ. ಬಹಳಷ್ಟು ಮಕ್ಕಳಿಗೆ ಅಷ್ಟರಲ್ಲೇ ಇಳಿಯುತ್ತದೆ.

ಸರ್ಜನ್ ಬಂದು ಹೋಗುವುದನ್ನು ಹಗುರವಾಗಿ ನೋಡಬೇಡಿ. ಮಗಳ ಹೊಕ್ಕುಳ ಪಕ್ಕ ಪೆನ್ನಿನಲ್ಲಿ ಗೆರೆ ಹಾಕಿಟ್ಟು, ಬೆಳಗ್ಗೆ ಅದೇ ಗೆರೆ ಮೇಲೆ ಟೇಪ್ ಸುತ್ತಿ ಹೊಟ್ಟೆ ಸುತ್ತಳತೆ ಬರೆದುಕೊಳ್ಳುತ್ತಿದ್ದರು. ಸರ್ಜನ್ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಒತ್ತಿ ನೋಡುತ್ತಿದ್ದರೆ ಇವಳು ಮಂಡಕ್ಕಿ ಮಿರ್ಚಿ ಯಾವಾಗ ಕೊಡ್ತೀರಾ ಅಂತ ಅವರನ್ನೇ ಕೇಳುತ್ತಿದ್ದಳು. ದಾವಣಗೆರೆ ಮಗು, ಇನ್ನೇನು ಕೇಳುತ್ತೆ! ಸ್ಟೀರಾಯ್ಡ್ ನಡೆಯುತ್ತಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರುತ್ತಾರೆ, ಯಾಕಂದರೆ ಆಗ ಕರುಳು ತೂತಾದರೂ ಹೊಟ್ಟೆ ಮೆತ್ತಗೇ ಇರಬಹುದು.

ಕರುಳು ತೂತಾದರೆ, ಪ್ಲೇಟ್‌ಲೆಟ್ ಹಾಕಿದರೂ ರಕ್ತ ಹೋಗುವುದು ನಿಲ್ಲದಿದ್ದರೆ, ಔಷಧಿ ನಡೆಯುತ್ತಿದ್ದರೂ ಬಿಪಿ ಬೀಳುತ್ತಾ ಹೋದರೆ ಆಪರೇಷನ್ ಮಾಡಲೇಬೇಕಾಗುತ್ತದೆ. ಹಾಳಾದ ಭಾಗ ತೆಗೆದು, ಕರುಳನ್ನು ತಕ್ಷಣ ಜೋಡಿಸದೆ ಕೆಲ ಕಾಲ ಹೊಟ್ಟೆ ಮೇಲೆ ಸ್ಟೋಮಾ, ಅಂದರೆ ಮಲ ಹೊರಬರಲು ಒಂದು ಬಾಯಿ, ಮಾಡಿಡುವುದೂ ಉಂಟು.

ಬೆಂಗಳೂರಿಂದ ದಾವಣಗೆರೆಗೆ ಶಿಫ್ಟ್ ಮಾಡಿ ಅಂತ ನಿಮ್ಮ ಭಾವ ಹೇಳುತ್ತಿದ್ದಾರಲ್ಲ, ಈಗ ಬೇಡ. ನಮ್ಮೂರಲ್ಲೂ ಒಳ್ಳೆ ಸರ್ಜನ್‌ಗಳಿದ್ದಾರೆ, ಪ್ರಶ್ನೆ ಕೈಗುಣದ್ದಲ್ಲ, ರಕ್ತದ್ದು. ಇವನಿಗೆ ಹಾಕುವ ರಕ್ತ, ಪ್ಲೇಟ್‌ಲೆಟ್ ಎರಡೂ ಇರ್ರೇಡಿಯೇಟ್ ಆಗಿರಬೇಕು, ಅಂದರೆ ವಿಕಿರಣ ಹಾಯಿಸಿರಬೇಕು, ಇಲ್ಲದಿದ್ದರೆ ರಕ್ತ ಕೊಟ್ಟವರ ಬಿಳಿ ಕಣಗಳೇ ಮಗುವಿನ ಮೇಲೆ ತಿರುಗಿಬೀಳಬಹುದು. ಅದರ ಜೊತೆಗೆ ಈ ಸ್ಥಿತಿಯಲ್ಲಿ 260 ಕಿಲೋಮೀಟರ್ ಆಂಬುಲೆನ್ಸ್ ಬೇರೆ.

ನಾಳೆ ರೌಂಡ್ಸ್‌ಗೆ ಬಂದಾಗ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 500 ದಾಟಿತಾ, ಕರುಳಿನ ಗೋಡೆಯ ದಪ್ಪ ಇಳೀತಾ ಅಂತ ಕೇಳಿ. ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲೆ ಜ್ವರ ಬಂದರೆ ಮಾತ್ರ ನೇರ ಬೆಂಗಳೂರಿಗೆ ಹೊರಡಬೇಡಿ. ಮೊದಲು ಇಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ಟ್ರಾನ್ಸ್‌ಪ್ಲಾಂಟ್ ಟೀಮಿಗೆ ಫೋನ್ ಮಾಡಿಸಿ, ಆಂಟಿಬಯೋಟಿಕ್‌ನ ಮೊದಲ ಡೋಸ್ ಹಾಕಿಸಿಕೊಂಡೇ ಹೊರಡಿ.