ಲಾಸ್ ವೇಗಸ್‌ನಿಂದ ಒಂದು ಗಂಟೆಯೊಳಗೆ ಮಿಲ್ಕಿ ವೇ, ಲ್ಯಾಂಡ್‌ಸ್ಕೇಪ್ ಫೋಟೋಗೆ ಅತಿ ಕತ್ತಲ ಜಾಗ ಯಾವುದು?

ಮಿಲ್ಕಿ ವೇ (ಆಕಾಶಗಂಗೆ) ಜೊತೆ ಹಗಲಿನ ಲ್ಯಾಂಡ್‌ಸ್ಕೇಪ್, ಸ್ಟ್ರಿಪ್‌ನ (ವೇಗಸ್‌ನ ಕ್ಯಾಸಿನೋ ಬೀದಿ) ದೀಪಗಳೂ ಬೇಕು ಅಂತ ಬರೆದಿದ್ದೀರಿ. ನಿಮ್ಮ ಷರತ್ತು ಮೂರು: ಸೆಪ್ಟೆಂಬರ್ ಕೊನೆಯ ವಾರ, ಅಮಾವಾಸ್ಯೆಯ ಹಿಂದೆಮುಂದೆ, ಸ್ಟ್ರಿಪ್‌ನಿಂದ ಒಂದು ಗಂಟೆ ಡ್ರೈವ್. ನಾನೂ ಮೊದಲ ಸಲ ಇದೇ ಮೂರು ಷರತ್ತು ಇಟ್ಟುಕೊಂಡು ಹುಡುಕಿದ್ದೆ. ಸಿಕ್ಕಿದ್ದು ವ್ಯಾಲಿ ಆಫ್ ಫೈರ್ ಸ್ಟೇಟ್ ಪಾರ್ಕ್. ಬೆಳಕಿನ ಮಾಲಿನ್ಯ ತೋರಿಸುವ ನಕ್ಷೆಯಲ್ಲಿ ಬಣ್ಣ ಚೆನ್ನಾಗಿತ್ತು, ಕೆಂಪು ಮರಳುಗಲ್ಲಿನ ಬಂಡೆಗಳಿದ್ದವು. ಸೂರ್ಯ ಮುಳುಗಿದ ಮೇಲೆ ಪಾರ್ಕ್‌ನಲ್ಲಿ ಇರಬೇಕಾದರೆ ಕ್ಯಾಂಪ್ ಜಾಗ ಬೇಕು ಅಂತ ಗೊತ್ತಿತ್ತು, ಹಾಗಾಗಿ ಆಟ್ಲಾಟಲ್ ರಾಕ್ ಕ್ಯಾಂಪ್‌ನಲ್ಲಿ ಮೂರು ರಾತ್ರಿಗೆ ಜಾಗ ಹಿಡಿದಿದ್ದೆ. ಮೂರು ರಾತ್ರಿಯೂ ಮೋಡ ಇರಲಿಲ್ಲ, ಚಂದ್ರ ಇರಲಿಲ್ಲ. ಆದರೂ ಇಟ್ಟುಕೊಳ್ಳುವಂಥ ಒಂದು ಮಿಲ್ಕಿ ವೇ ಫೋಟೋ ಸಿಗಲಿಲ್ಲ.

ನೆತ್ತಿಯ ಮೇಲೆ ಆಕಾಶ ನಿಜಕ್ಕೂ ಕಪ್ಪಾಗಿತ್ತು. ಆದರೆ ಕ್ಯಾಮೆರಾ ನೈಋತ್ಯಕ್ಕೆ ತಿರುಗಿಸಿ 20 ಸೆಕೆಂಡ್ ತೆರೆದರೆ ಬಂಡೆಗಳ ಹಿಂದೆ ಕಿತ್ತಳೆ ಬೆರೆತ ಬಿಳಿ ಗುಮ್ಮಟ ಎದ್ದಿರುತ್ತಿತ್ತು, ಮಿಲ್ಕಿ ವೇಯ ದಪ್ಪ ಭಾಗ ನೇರ ಅದರೊಳಗೆ ಇಳಿಯುತ್ತಿತ್ತು. ಅದು ವೇಗಸ್. ಗಾಳಿದಾರಿಯಲ್ಲಿ ಎಪ್ಪತ್ತು ಕಿಲೋಮೀಟರ್ ದೂರವೂ ಇಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಬೆಳಕಿನ ಮಾಲಿನ್ಯದ ನಕ್ಷೆಯ ಬಣ್ಣ ಹೇಳುವುದು ನೆತ್ತಿಯ ಮೇಲಿನ ಆಕಾಶ ಎಷ್ಟು ಕಪ್ಪು ಅನ್ನುವುದನ್ನು ಮಾತ್ರ. ದಿಗಂತದ ಯಾವ ಮೂಲೆಯಲ್ಲಿ ಊರಿನ ಬೆಳಕಿದೆ ಅಂತ ಅದು ಹೇಳುವುದಿಲ್ಲ. ಕರ್ನಾಟಕದಲ್ಲಿ ತೆಗೆದು ಅಭ್ಯಾಸವಾದವರಿಗೆ ಇದು ಹೊಳೆಯುವುದೇ ಇಲ್ಲ. ಹಂಪಿಯಲ್ಲಿ ಮಿಲ್ಕಿ ವೇಯ ಕೇಂದ್ರ, ಅಂದರೆ ಆ ದಪ್ಪ ಭಾಗ, ದಕ್ಷಿಣಕ್ಕೆ ಬಂದಾಗ ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತದೆ. ಕೆಳಗೆ ಯಾವುದೋ ಊರಿನ ಬೆಳಕಿದ್ದರೂ ಕೇಂದ್ರ ಅದರ ಮೇಲೆ ಉಳಿದುಬಿಡುತ್ತದೆ. ವೇಗಸ್ ಇರುವುದು 36 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಅದೇ ಕೇಂದ್ರ ಎಷ್ಟು ಮೇಲೇರಿದರೂ 25 ಡಿಗ್ರಿ ದಾಟುವುದಿಲ್ಲ. ಕಂಪಾಸ್‌ನಲ್ಲಿ ಸುಮಾರು 127 ಡಿಗ್ರಿಯಲ್ಲಿ, ಅಂದರೆ ಆಗ್ನೇಯದಲ್ಲಿ ಹುಟ್ಟಿ, 233 ಡಿಗ್ರಿಯಲ್ಲಿ, ನೈಋತ್ಯದಲ್ಲಿ ಮುಳುಗುತ್ತದೆ. ವ್ಯಾಲಿ ಆಫ್ ಫೈರ್‌ನಿಂದ ನೋಡಿದರೆ ಸ್ಟ್ರಿಪ್ ಇರುವುದು ಸುಮಾರು 240 ಡಿಗ್ರಿಯಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ 8ಕ್ಕೆ ಪೂರ್ತಿ ಕತ್ತಲಾಗುವ ಹೊತ್ತಿಗೆ ಕೇಂದ್ರ 19 ಡಿಗ್ರಿಗೆ ಇಳಿದಿರುತ್ತದೆ, 10ಕ್ಕೆ ನಾಲ್ಕೈದು ಡಿಗ್ರಿ. ಆ ಎರಡು ಗಂಟೆಯೂ ಅದು ವೇಗಸ್ ಕಡೆಗೇ ಜಾರುತ್ತಿರುತ್ತದೆ. ಆಕಾಶಕ್ಕೆ ನೇರ ಬೆಳಕು ಬಿಡುವ ಲಕ್ಸರ್ ಪಿರಮಿಡ್ ಹೋಟೆಲ್ ಇರುವ ಊರು ಅದು, ಎಡಿಟಿಂಗ್‌ನಲ್ಲಿ ತೆಗೆದುಬಿಡುತ್ತೇನೆ ಅನ್ನುವಷ್ಟು ಸಣ್ಣ ಹೊಳಪಲ್ಲ. ಸೋಡಿಯಂ ದೀಪದ ಹಳದಿಯನ್ನು ತಡೆಯುವ ಫಿಲ್ಟರ್ ಕೂಡ ಹಾಕಿ ನೋಡಿದೆ. ಎಲ್‌ಇಡಿ ಬೆಳಕು ಎಲ್ಲಾ ಬಣ್ಣಗಳಲ್ಲೂ ಹರಡಿರುವುದರಿಂದ ಅದು ಏನೂ ಮಾಡಲಿಲ್ಲ.

ಅದೇ ಕ್ಯಾಂಪ್‌ಗೆ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೋಗಿ ನಸುಕಿಗೆ ಎದ್ದರೆ ಕೇಂದ್ರ ಆಗ್ನೇಯದಲ್ಲಿ ಏರುತ್ತಿರುತ್ತದೆ, ವೇಗಸ್ ಬೆನ್ನ ಹಿಂದೆ ಬಲಕ್ಕೆ ಉಳಿಯುತ್ತದೆ. ಜಾಗ ಕೆಟ್ಟದ್ದಲ್ಲ, ನಾನು ಹೋದ ತಿಂಗಳು ತಪ್ಪು.

ಆದ್ದರಿಂದ ಅತಿ ಕತ್ತಲ ಜಾಗ ಯಾವುದು ಅಂತ ಕೇಳಬೇಡಿ. ನಾನು ಹೋಗುವ ತಿಂಗಳಲ್ಲಿ, ಆ ಗಂಟೆಯಲ್ಲಿ, ಕೇಂದ್ರ ಯಾವ ದಿಕ್ಕಿನಲ್ಲಿರುತ್ತದೆ ಅಂತ ಮೊದಲು ನೋಡಿ. ಆಮೇಲೆ ವೇಗಸ್ ಬೆನ್ನಿಗೆ ಬರುವಂಥ ಜಾಗ ಆರಿಸಿ. ಒಂದು ಗಂಟೆಯ ಷರತ್ತನ್ನೂ ಹತ್ತು ನಿಮಿಷ ಸಡಿಲಿಸಿ. ಹಾಗೆ ಮಾಡಿದರೆ ನಿಮ್ಮ ವಾರಕ್ಕೆ ನನ್ನ ಉತ್ತರ ಒಂದೇ: ದಕ್ಷಿಣದಲ್ಲಿರುವ ವೀ ಥಂಪ್ ಜೋಶುವಾ ಮರಗಳ ಕಾಡು.

ಯುಎಸ್ 95 ಹಿಡಿದು ಸರ್ಚ್‌ಲೈಟ್ ಊರಿಗೆ ಹೋಗಿ, ಅಲ್ಲಿಂದ ನೆವಾಡಾ 164ರಲ್ಲಿ ನಿಪ್ಟನ್ ಕಡೆಗೆ ಸುಮಾರು 13 ಕಿ.ಮೀ. ಟಿಕೆಟ್ ಇಲ್ಲ, ಗೇಟ್ ಇಲ್ಲ. 2002ರಿಂದ ಅದು ವೈಲ್ಡರ್ನೆಸ್ (ಕಾನೂನಿನ ರಕ್ಷಣೆ ಇರುವ ಕಾಡುಪ್ರದೇಶ), 2023ರಿಂದ ಅವಿ ಕ್ವಾ ಅಮೆ ರಾಷ್ಟ್ರೀಯ ಸ್ಮಾರಕದೊಳಗೂ ಸೇರಿದೆ. ಗಾಡಿ ಒಳಗೆ ತರುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ರಸ್ತೆ ಬದಿಯಲ್ಲಿ ನಿಲ್ಲಿಸಿ ನಡೆದು ಹೋಗಬೇಕು. ವೇಗಸ್ ಇಲ್ಲಿಂದ ನೇರ ಉತ್ತರಕ್ಕೆ, ನಿಮ್ಮ ಚೌಕಟ್ಟು ನೈಋತ್ಯಕ್ಕೆ. ಒಂದು ಎಚ್ಚರಿಕೆ: ಇದೇ ಜಾಗ ಮಾರ್ಚ್‌ನಲ್ಲಿ ಬೇಡ. ಇನ್ನೊಂದು ಕ್ಯಾಸಿನೋ ಊರು ಲಾಫ್ಲಿನ್ ಇಲ್ಲಿಂದ ಸುಮಾರು 130 ಡಿಗ್ರಿಯಲ್ಲಿದೆ, ಕೇಂದ್ರ ಹುಟ್ಟುವ ಮೂಲೆಯಲ್ಲೇ.

ಸೂರ್ಯ ಮುಳುಗುವ ಒಂದು ಗಂಟೆ ಮುಂಚೆಯೇ ತಲುಪಿ. ಕತ್ತಲಲ್ಲಿ ಮರ ಹುಡುಕಲು ಹೋದರೆ ಚೋಯಾ ಕಳ್ಳಿಯ ಮುಳ್ಳು ಶೂ ದಾಟಿ ಚುಚ್ಚುತ್ತದೆ, ಆ ತಿಂಗಳಲ್ಲಿ ರ‍್ಯಾಟಲ್ ಹಾವುಗಳೂ ರಾತ್ರಿ ಓಡಾಡುತ್ತಿರುತ್ತವೆ. ಒಂಟಿಯಾಗಿ ನಿಂತ, ಕೊಂಬೆಗಳು ಒಂದರ ಮೇಲೊಂದು ಹಾಯದ ಮರ ಆರಿಸಿ. ಫೋನಿನ ಕಂಪಾಸ್‌ನಲ್ಲಿ 206ರಿಂದ 230 ಡಿಗ್ರಿವರೆಗೆ ಎದುರಿಗೆ ಖಾಲಿ ಇದೆಯಾ ನೋಡಿ. ಟ್ರೈಪಾಡ್ ಮೊಣಕಾಲಿನ ಎತ್ತರಕ್ಕಿಂತ ಮೇಲೆ ಬೇಡ. ಕೇಂದ್ರ ಕೆಳಗಿರುವುದರಿಂದ ಕ್ಯಾಮೆರಾ ಎತ್ತರಕ್ಕಿಟ್ಟಷ್ಟೂ ಮರ ಆಕಾಶಕ್ಕೆ ತಾಗದೆ ನೆಲದ ಕಪ್ಪಿನಲ್ಲಿ ಕಳೆದುಹೋಗುತ್ತದೆ. ಮರದಿಂದ ಆರೇಳು ಮೀಟರ್ ದೂರ ನಿಲ್ಲಿ. 14 ಮಿ.ಮೀ. ಲೆನ್ಸ್‌ನಲ್ಲಿ, ಎಫ್ 2.8ರಲ್ಲಿ (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ), ನಕ್ಷತ್ರಕ್ಕೆ ಫೋಕಸ್ ಇಟ್ಟರೂ ಎರಡೂವರೆ ಮೀಟರಿನಾಚೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ, ಹಾಗಾಗಿ ಮರಕ್ಕೆ ಬೇರೆ, ಆಕಾಶಕ್ಕೆ ಬೇರೆ ಫೋಕಸ್ ಮಾಡುವ ಕೆಲಸ ಇರುವುದಿಲ್ಲ.

ಮರದ ಫೋಟೋವನ್ನು ಮುಸ್ಸಂಜೆಯ ನೀಲಿ ಬೆಳಕಲ್ಲೇ ತೆಗೆದುಕೊಂಡುಬಿಡಿ, ಆಮೇಲೆ ಅದನ್ನು ಆಕಾಶದ ಫೋಟೋ ಜೊತೆ ಸೇರಿಸಬೇಕು, ಹಾಗಾಗಿ ಟ್ರೈಪಾಡ್ ಅಲುಗಿಸಬೇಡಿ. ಕತ್ತಲಾದ ಮೇಲೆ ನಾಲ್ಕು ನಿಮಿಷದ ಎಕ್ಸ್‌ಪೋಷರ್ ಕೊಡೋಣ ಅಂದರೆ ಸ್ವಲ್ಪ ಗಾಳಿ ಬೀಸಿದರೂ ಎಲೆಗಳ ತುದಿ ಕಲಸಿಹೋಗುತ್ತದೆ. ಲೆನ್ಸ್ ಮ್ಯಾನುಯಲ್‌ಗೆ ಹಾಕಿ, ಲೈವ್ ವ್ಯೂನಲ್ಲಿ ಒಂದು ಪ್ರಕಾಶಮಾನ ನಕ್ಷತ್ರವನ್ನು 10 ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ತಿರುಗಿಸಿ, ಫೋಕಸ್ ರಿಂಗ್‌ಗೆ ಟೇಪ್ ಹಚ್ಚಿ. ಫೋಕಸ್ ಬದಲಾದರೆ ಚೌಕಟ್ಟಿನ ಅಳತೆಯೂ ಕೂದಲೆಳೆಯಷ್ಟು ಬದಲಾಗುತ್ತದೆ, ಆದ್ದರಿಂದ ಮೊದಲ ನಕ್ಷತ್ರ ಕಂಡ ಕೂಡಲೇ ಫೋಕಸ್ ಮುಗಿಸಿ, ಮರದ ಫೋಟೋವನ್ನು ಅದೇ ಫೋಕಸ್‌ನಲ್ಲಿ ತೆಗೆಯಿರಿ. ಆಮೇಲೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಸೆಕೆಂಡ್, ಎಫ್ 2.8, ಐಎಸ್‌ಒ 3200, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್, ರಾ ಫೈಲ್. ಹದಿನೈದು ಫೋಟೋ ಒಂದರ ಹಿಂದೊಂದು ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸೇರಿಸಿ. 164ರಲ್ಲಿ ಆಗಾಗ ಗಾಡಿ ಬರುತ್ತದೆ, ಅದರ ಹೆಡ್‌ಲೈಟ್ ಇಡೀ ಕಾಡಿನ ಮೇಲೆ ಹಾಯುತ್ತದೆ. ಆ ಫೋಟೋಗಳನ್ನು ಕೈಬಿಟ್ಟರೂ ಸಾಕಷ್ಟು ಉಳಿಯಲಿ ಅಂತಲೇ ಹದಿನೈದು.

ಡೆತ್ ವ್ಯಾಲಿ ಬಗ್ಗೆ ಎಲ್ಲರೂ ಹೇಳುತ್ತಾರೆ. ಸರಿಯೇ, ಆದರೆ ನಿಮ್ಮ ವಾರಕ್ಕೆ ನಾನು ಹೇಳುವುದಿಲ್ಲ. ಸೆಪ್ಟೆಂಬರ್‌ನಲ್ಲೂ ಅಲ್ಲಿ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹೋಗಲಿಕ್ಕೇ ಎರಡು ಗಂಟೆ ಬೇಕು, ಮೇಲಾಗಿ ಅಲ್ಲಿನ ತಗ್ಗಿನ ಉಪ್ಪುಬಯಲು ಬ್ಯಾಡ್‌ವಾಟರ್‌ನ ಪಶ್ಚಿಮಕ್ಕೆ ಪನಾಮಿಂಟ್ ಬೆಟ್ಟಸಾಲು ಇರುವುದರಿಂದ ಕೇಂದ್ರ ಬೇಗ ಮರೆಯಾಗುತ್ತದೆ. ಮಾರ್ಚ್‌ನಲ್ಲಿ ಬಂದರೆ ಮಾತ್ರ ಅದನ್ನು ಬಿಡಬೇಡಿ. ವೇಗಸ್ ಅಲ್ಲಿಂದ ಪೂರ್ವಕ್ಕೆ, ಬೆಟ್ಟದ ಮರೆಯಲ್ಲಿ. ಡಾಂಟೀಸ್ ವ್ಯೂ ಅನ್ನುವ ಬೆಟ್ಟದ ತುದಿಗೆ ಹತ್ತಿದರೆ ಆ ಮರೆ ಹೋಗಿ ಹೊಳಪು ಎದುರಿಗೇ ಬರುತ್ತದೆ, ರಾತ್ರಿ ಕೆಳಗೇ ಇರಿ. ಪೆಟ್ರೋಲನ್ನು ದಾರಿಯ ಊರು ಪಹ್ರಂಪ್‌ನಲ್ಲಿ ತುಂಬಿಸಿ, ಒಳಗೆ ಬೆಲೆ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಕಾನ್ಫರೆನ್ಸ್‌ಗೆಂದು ಬರುವವರಿಗೆ ಮಿಲ್ಕಿ ವೇಯ ಕೇಂದ್ರ ಎಲ್ಲಿಗೆ ಹೋದರೂ ಸಿಗದು, ಆಗ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ಆಗ ಮರಳುದಿಬ್ಬದ ಮೇಲೆ ಏಳುವ ಮಹಾವ್ಯಾಧ, ಅಂದರೆ ಓರಿಯನ್, ತೆಗೆಯಿರಿ.

ಹಗಲಿನ ಲ್ಯಾಂಡ್‌ಸ್ಕೇಪ್‌ಗೆ ರೆಡ್ ರಾಕ್ ಕ್ಯಾನ್ಯನ್ ಸಾಕು. ಅಲ್ಲಿನ 13 ಮೈಲಿ ಏಕಮುಖ ರಸ್ತೆ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ನಿಮ್ಮ ವಾರದಲ್ಲಿ ಸೂರ್ಯೋದಯ 6:35ರ ಸುಮಾರಿಗೆ. ಬೆಳಗಿನ ಬಿಸಿಲಿನಲ್ಲಿ ಅಲ್ಲಿನ ಬಂಡೆಗುಡ್ಡ ಕ್ಯಾಲಿಕೋ ಹಿಲ್ಸ್ ತೆಗೆಯಿರಿ. ಅಕ್ಟೋಬರ್ 1ರಿಂದ ಮೇ 31ರವರೆಗೆ 8ರಿಂದ 5ರ ನಡುವೆ ಒಳಗೆ ಹೋಗಲು ಮುಂಗಡ ಬುಕಿಂಗ್ ಬೇಕು, ಪ್ರಯಾಣ ಒಂದು ದಿನ ಮುಂದೆ ಹೋದರೂ ಇದು ಅನ್ವಯಿಸುತ್ತದೆ. ರಾತ್ರಿ ಆ ರಸ್ತೆ ಮುಚ್ಚಿರುತ್ತದೆ.

ಸ್ಟ್ರಿಪ್‌ನ ದೀಪಗಳನ್ನೂ ತೆಗೆಯಬೇಕು ಅಂದಿದ್ದೀರಿ. ಹಳೆಯ ಬರಹಗಳಲ್ಲಿ ಪಾದಚಾರಿ ಸೇತುವೆಗಳ ಮೇಲೆ ಟ್ರೈಪಾಡ್ ಹಾಕಿ ಅಂತ ಇರುತ್ತದೆ. 2024ರ ಜನವರಿಯಿಂದ ಅಲ್ಲಿನ ಸ್ಥಳೀಯ ಆಡಳಿತವಾದ ಕ್ಲಾರ್ಕ್ ಕೌಂಟಿ ಆ ಸೇತುವೆಗಳ ಮೇಲೆ ನಿಲ್ಲುವುದನ್ನೇ ಅಪರಾಧ ಮಾಡಿದೆ: 1000 ಡಾಲರ್‌ವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಕೆಳಗೆ ಫುಟ್‌ಪಾತ್‌ನಿಂದಲೇ ತೆಗೆಯಿರಿ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ನಂತರ ಆಕಾಶದ ನೀಲಿಯೂ ಬೋರ್ಡುಗಳ ಬೆಳಕೂ ಸ್ವಲ್ಪ ಹೊತ್ತು ಸರಿಸಮ ಇರುತ್ತವೆ. ಎಲ್‌ಇಡಿ ಪರದೆ ಚೌಕಟ್ಟಿನಲ್ಲಿದ್ದರೆ ಶಟರ್ 1/60 ಸೆಕೆಂಡಿಗಿಂತ ನಿಧಾನ ಇಡಿ, ಇಲ್ಲದಿದ್ದರೆ ಕಪ್ಪು ಪಟ್ಟಿ ಬೀಳುತ್ತದೆ.

ಲೆನ್ಸ್ ಬದಲಿಸುವುದಿದ್ದರೆ ಕಾರಿನೊಳಗೆ, ಎಸಿ ಆಫ್ ಮಾಡಿ ಬದಲಿಸಿ. ಆ ಮರಳು ಹಿಟ್ಟಿನಷ್ಟು ನುಣ್ಣಗಿರುತ್ತದೆ. ಸರ್ಚ್‌ಲೈಟ್ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಹೋಟೆಲಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ತಲೆಗೆ ನಾಲ್ಕು ಲೀಟರ್ ನೀರು ಗಾಡಿಯಲ್ಲಿರಲಿ. ದಿನಾಂಕ ಮತ್ತು ಯಾವ ಲೆನ್ಸ್ ಇದೆ ಅಂತ ಬರೆದರೆ ಆ ರಾತ್ರಿಯ ಡಿಗ್ರಿ ಲೆಕ್ಕ ಹಾಕಿ ಕೊಡುತ್ತೇನೆ.