ಐಡಿಯಾ ಕೇಳಿದರೆ ಎಲ್ಲರೂ ಗಪ್‌ಚುಪ್!

ಪ್ರಶ್ನೆ: ಬೈಕಂಪಾಡಿಯ ಪ್ಯಾಕಿಂಗ್ ಘಟಕದಲ್ಲಿ ಸೂಪರ್‌ವೈಸರ್ ನಾನು. ‘ಹೊಸ ಐಡಿಯಾ ಹೇಳಿ’ ಅಂದರೆ ಎಂಟು ಜನರೂ ನೆಲ ನೋಡುತ್ತಾರೆ. ಏನು ಮಾಡಲಿ ಮೇಡಂ?

ಉತ್ತರ: ಕೇಳಿದ ಮರುಕ್ಷಣ ನೀವೇ ಉತ್ತರ ಹೇಳಿಬಿಡುತ್ತೀರಿ, ಅಲ್ವಾ? ಉಡುಪಿಯಲ್ಲಿ ಪ್ರೆಸ್ ನಡೆಸುತ್ತಿದ್ದಾಗ ನಾನೂ ಹಾಗೇ. ಒಮ್ಮೆ ಗಂಟಲು ಕಟ್ಟಿ ಸುಮ್ನೆ ಕೂತೆ. ಬೈಂಡಿಂಗ್ ಅಕ್ಕ ಮೆಲ್ಲಗೆ, “ಮದುವೆ ಕಾಗದದ ಚೂರಲ್ಲಿ ಬುಕ್‌ಮಾರ್ಕ್ ಮಾಡಬಹುದಲ್ವಾ?” ಅಂದರು. ಮೂರು ವರ್ಷದಿಂದ ಮನಸ್ಸಲ್ಲಿತ್ತಂತೆ!

ತಾಳಮದ್ದಳೆ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ನೋಡಿದ್ದೀರಲ್ಲ? ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಬರೆದುಕೊಟ್ಟ ಮಾತಿಲ್ಲ. ಆದರೆ ಯಾವ ಕಥೆಯ ಪ್ರಸಂಗ ಎಂದು ಮೊದಲೇ ಗೊತ್ತು. ನೀವೂ ‘ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆ ಮೆತ್ತಗಾಗದಂತೆ ಏನು ಮಾಡೋಣ?’ ಎಂದು ಹಿಂದಿನ ದಿನವೇ ಕೇಳಿ. ಚೀಟಿಯಲ್ಲಿ ಬರೆಸಿ. ತುಳುವಲ್ಲಿ ಹೇಳಿದರೂ ಸರಿ. ಒಂದನ್ನಾದರೂ ಆ ವಾರವೇ ಮಾಡಿ ನೋಡಿ. ಕೆಟ್ಟರೆ ಬೈಗುಳ ನಿಮಗಿರಲಿ.